ಒಂದೇ ಎಸೆತದ ಬುಟ್ಟಿ

ಎಲ್ ಬೊಲ್ಸೋನ್ ಕಣಿವೆಯಲ್ಲಿ ಎಲೆಯುದುರುವ ಮಾರ್ಚ್ ತಿಂಗಳ ಗಾಳಿ ಪಾಪ್ಲರ್ ಮರಗಳ ಮೊದಲ ಹಳದಿ ಎಲೆಗಳನ್ನು ಬಿಯರ್ ಮನೆಯ ಬಾಗಿಲಿಗೆ ತಂದು ಸುರಿಯುತ್ತಿತ್ತು. ಒಳಗೆ, ಅಟ್ಟಣಿಗೆಯ ಮೇಲೆ ನಿಂತು ಬಿಯರ್ ಕುದಿಸುತ್ತಿದ್ದ ನೀಲ್ದಾ ಕಿವಿಗೊಟ್ಟದ್ದು ಗಾಳಿಗಲ್ಲ, ಹಂಡೆಗೆ. ಬಾರ್ಲಿಯ ರಸ ಉಕ್ಕುವ ಮುಂಚೆ ಒಂದು ಮೌನವಿರುತ್ತದೆ. ಕುದಿಯ ಸದ್ದೆಲ್ಲ ದಪ್ಪ ನೊರೆಯ ಕಂಬಳಿಯಡಿ ಅಡಗಿ, ಹಂಡೆ ನಿದ್ದೆಹೋದಂತೆ ತೋರುತ್ತದೆ. ಆ ನಿದ್ದೆಯನ್ನು ಅವಳು ಎಂದೂ ನಂಬಿದವಳಲ್ಲ.

ಇಂದು ನಂಬದಿರಲು ಇನ್ನೊಂದು ಕಾರಣವೂ ಇತ್ತು. ಸುಗ್ಗಿಯ ಬೇಡಿಕೆಗೆ ಮಣಿದು, ನೊರೆ ಏಳಲೆಂದು ಖಾಲಿ ಬಿಡಬೇಕಾದ ಜಾಗಕ್ಕೂ ರಸ ತುಂಬಿಬಿಟ್ಟಿದ್ದಳು.

ದೊನ್ ಎವಾರಿಸ್ತೊ ಮೆಟ್ಟಿಲೇರಿ ಬಂದರು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಬೆಳೆಯುವ, ಎಲ್ಲರೂ ಗೌರವದಿಂದ ದೊನ್ ಎನ್ನುವ ಮುದುಕ. ಎದೆಗವಚಿದ ಬುಟ್ಟಿಯ ತುಂಬ ಬೆಳಿಗ್ಗೆ ಬಿಡಿಸಿದ ಹಸಿರು ಕಹಿಹೂಗಳು. ವರ್ಷದ ಮೊದಲ ಬುಟ್ಟಿಯನ್ನು ಬೆಳೆದವರೇ ಹಂಡೆಗೆ ಸುರಿಯಬೇಕು, ಅದೂ ಒಂದೇ ಎಸೆತಕ್ಕೆ. ಹಿಡಿಹಿಡಿಯಾಗಿ ಹಾಕಿದರೆ ಬಳ್ಳಿಯೂ ಮುಂದೆ ಹಿಡಿಹಿಡಿಯಾಗಿಯೇ ಕೊಡುತ್ತದೆಂಬ ಅಂಜಿಕೆ ಆ ಕಣಿವೆಯದು.

“ತಡೀರಿ ದೊನ್. ಒಟ್ಟಿಗೆ ಸುರಿದರೆ ಉಕ್ಕುತ್ತೆ, ಒಂದೊಂದೇ ಹಿಡಿ ಹಾಕೋಣ.”

“ಒಂದೊಂದೇ ಹಿಡಿನಾ? ಏನು, ಕೋಳಿಗೆ ಕಾಳು ಹಾಕ್ತಿದೀವಾ ಮಗಳೇ?”

“ನಗಬೇಡಿ. ಹೋದ ಸುಗ್ಗೀಲಿ ರುಫೀನೊಗೆ ಏನಾಯ್ತು, ನೀವೇ ನೋಡಿದೀರಲ್ಲ.”

ಪಕ್ಕದ ಬಿಯರ್ ಮನೆಯ ರುಫೀನೊ ಹೀಗೆಯೇ ಬುಟ್ಟಿ ಮಗುಚಿದ್ದ. ಉಕ್ಕಿದ ರಸಕ್ಕೆ ಸಿಕ್ಕಿ ಕಾಲುಗಳು ಬೆಂದಿದ್ದವು. ಈಗಲೂ ಗೋಡೆ ಹಿಡಿದೇ ನಡೆಯುತ್ತಾನೆ.

“ಅವನು ಕುಡಿದಿದ್ದ ಕಣಮ್ಮ. ನಾನು ಬೆಳಿಗ್ಗೆಯಿಂದ ನೀರೂ ಮುಟ್ಟಿಲ್ಲ.”

“ಹಂಡೆ ಯಾರ ಬಾಯಿನೂ ಮೂಸಿ ನೋಡಲ್ಲ ದೊನ್.”

ಮುದುಕ ನಕ್ಕರು, ಬುಟ್ಟಿಯನ್ನು ಅಪ್ಪಿದ ತೋಳು ಮಾತ್ರ ಸಡಿಲವಾಗಲಿಲ್ಲ. ನೀಲ್ದಾ ಗ್ಯಾಸಿನ ತಿರುಪನ್ನು ಪೂರ್ತಿ ಮುಚ್ಚಿ, ತಣ್ಣೀರಿನ ಪೈಪನ್ನು ಕೈಗೆ ತೆಗೆದುಕೊಂಡಳು. ಉರಿ ಆರಿತು. ಆದರೆ ಲೋಹ ಬೆಂಕಿಯನ್ನು ಅಷ್ಟು ಬೇಗ ಮರೆಯುವುದಿಲ್ಲ.

ಅವಳ ಮಾತಿಗೆ ಬೆಲೆ ಕೊಟ್ಟವರಂತೆ ದೊನ್ ಒಂದು ಹಿಡಿ ಹೂ ಬಿಟ್ಟರು. ನೊರೆ ಮೇಲೆದ್ದು, ಹಂಡೆಯ ಅಂಚಿನಲ್ಲಿ ತಲೆಯಿಟ್ಟು ಇಣುಕಿ, ಮತ್ತೆ ಕೂತಿತು.

“ನೋಡು, ಬೆಕ್ಕಿನ ಮರಿ ಇದ್ದಂಗಿದೆ.”

“ಇನ್ನೂ ಸ್ವಲ್ಪ ಕಾಯಿರಿ.”

“ಇಡೀ ಕಣಿವೆ ನನ್ನನ್ನ ಜಿಪುಣ ಅಂತ ಆಡಿಕೊಳ್ಳಲಿ ಅಂತಾನಾ?”

ಬುಟ್ಟಿ ಮಗುಚಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಹಂಡೆ ಒಂದು ದೀರ್ಘ ಉಸಿರೆಳೆದುಕೊಂಡಂತಾಯಿತು. ಕಂದುಹಸಿರು ನೊರೆ ಬಾಯಿತುಂಬ ಎದ್ದು ಬಂತು. ತಾವು ಬೆಳೆದ ಪೈರು ಕಣ್ಣೆದುರೇ ಏಳುವುದನ್ನು ನೋಡುವವರ ಹಾಗೆ ದೊನ್ ನೆಟ್ಟ ಕಣ್ಣಲ್ಲಿ ನಿಂತೇ ಇದ್ದರು.

“ಹಿಂದೆ ಬನ್ನಿ” ಎಂದಳು. ಅವರಿಗೆ ಕೇಳಿಸಲಿಲ್ಲ.

ನೀರನ್ನು ನೊರೆಯ ಮೇಲೆ ಬಿಟ್ಟರೆ ರಸ ಉಳಿದೀತು. ನಡುವೆ ಮುದುಕ ನಿಂತಿದ್ದಾರೆ. ಅವಳು ಪೈಪನ್ನು ಅವರ ಎದೆಗೇ ಹಿಡಿದಳು. ಬೆಟ್ಟದ ಹಿಮನೀರಿನ ಹೊಡೆತಕ್ಕೆ ದೊನ್ ತತ್ತರಿಸಿ ಹಿಂದೆ ಸರಿದು, ಗೋಡೆಗೆ ಬೆನ್ನು ತಾಗಿ ಕುಸಿದು ಕೂತರು. ಅವರು ನಿಂತಿದ್ದ ಹಲಗೆಗಳ ಮೇಲೆ ಸುಡುವ ರಸ ಹರಡಿ ಹಬೆಯಾಡಿತು.

“ನನ್ನ ಮೇಲೇ ನೀರು ಬಿಟ್ಟೆಯಾ?”

“ಬಿಟ್ಟೆ. ಬೂಟಿಗೂ ರಸ ಸಿಡಿದಿದೆ, ಬಿಚ್ಚಿ, ಬೇಗ.”

ಒದ್ದೆ ಲಾಡಿಯ ಗಂಟು ಅವರ ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ಅವಳೇ ಮಂಡಿಯೂರಿ ಎಳೆದಳು. ಒಂದು ಪಾದ ತಣ್ಣಗಿತ್ತು. ಇನ್ನೊಂದರ ಹಿಮ್ಮಡಿಯಲ್ಲಿ ಕೆಂಪನೆಯ ಗುರುತು.

“ಇಷ್ಟೇನಾ?” ಎಂದರು ದೊನ್, ತೀರ ಸಣ್ಣ ದನಿಯಲ್ಲಿ.

ನೀಲ್ದಾ ಪೈಪನ್ನು ಮತ್ತೆ ಎತ್ತಿಕೊಂಡಳು. ಆ ಹಿಮ್ಮಡಿಯ ಮೇಲೆ ನೀರು ಬಿಡುತ್ತಲೇ ಇದ್ದಳು. ಬೆನ್ನ ಹಿಂದೆ ಹಂಡೆ ಇನ್ನೂ ಉಕ್ಕುತ್ತಲೇ ಇತ್ತು.