ಹತ್ತನೆಯ ಕುರ್ಚಿ

ಆಕ್ಷೇಪಣೆ ಓದುವುದು ಸಭೆಯ ಗುಮಾಸ್ತೆಯಾದ ಅವಳಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಸಂವಿಧಾನಕ್ಕೆ ತಿದ್ದುಪಡಿ ತರುವ ಮುನ್ನ ಪ್ರಜೆಗಳ ಆಕ್ಷೇಪಣೆಯನ್ನು ಸಭಾಂಗಣದಲ್ಲಿ ಗಟ್ಟಿಯಾಗಿ ಓದಿ, ಬೆಂಬಲಿಸುವವರನ್ನು ಮೂರು ಸಲ ಕರೆಯಬೇಕು. ಹತ್ತು ಜನ ಕೂತರೆ ತಿದ್ದುಪಡಿ ಬಿತ್ತು. ವೇದಿಕೆಯ ದೀಪ ಕಣ್ಣಿಗೆ ಹೊಡೆಯುವುದರಿಂದ ಅಲ್ಲಿ ತಲೆ ಎಣಿಸುವ ಪದ್ಧತಿಯಿಲ್ಲ. ಸ್ಪ್ರಿಂಗಿನ ಕುರ್ಚಿಗಳು, ಕೂತರೆ ಕೆಳಗಿಳಿಯುತ್ತವೆ, ಎದ್ದರೆ ಮಡಚಿಕೊಳ್ಳುತ್ತವೆ. ಇಳಿದ ಕುರ್ಚಿ ಎಣಿಸಿ ಅವಳು ಪುಸ್ತಕದಲ್ಲಿ ಬರೆದಳೆಂದರೆ ಅದನ್ನು ಅಳಿಸಲು ಯಾರಪ್ಪನಿಂದಲೂ ಆಗದು.

ಬಂಧಿಸಿದವರನ್ನು ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ತರಬೇಕೆಂಬ ಮಾತನ್ನು ತೆಗೆದುಹಾಕುವುದು ಇವತ್ತಿನ ತಿದ್ದುಪಡಿ. ಬಂದಿದ್ದು ಒಂದೇ ಆಕ್ಷೇಪಣೆ, ಬರೆದವಳು ಅವಳ ಅಮ್ಮ. ಮೆರವಣಿಗೆಯಿಂದ ಪೊಲೀಸರು ಲಾರಿ ಹತ್ತಿಸಿಕೊಂಡು ಹೋದ ಅಣ್ಣ ಹನ್ನೊಂದು ದಿನವಾದರೂ ಪತ್ತೆಯಿಲ್ಲ. ಜೊತೆಗೆ ಹತ್ತಿಸಿದವರದೂ ಅದೇ ಕಥೆ.

ಗೇಟಿನಲ್ಲಿ ಪೊಲೀಸರಿದ್ದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಬೇಗ ಓದಿ ಮುಗಿಸಮ್ಮ, ನನಗೆ ಊಟದ ಹೊತ್ತಾಯ್ತು," ಎಂದರು ಬಾಗಿಲ ಬಳಿ ನಿಂತಿದ್ದ ಮೇಲಧಿಕಾರಿ. ಆ ಮನುಷ್ಯನಿಗೆ ದೇಶ ಮುಳುಗಿದರೂ ಊಟ ತಪ್ಪಬಾರದು.

ಅವಳು ಓದಿದಳು: "ನನ್ನ ಮಗನನ್ನು ಯಾರಾದರೂ ಒಬ್ಬ ನ್ಯಾಯಾಧೀಶರಿಗೆ ತೋರಿಸಿ. ತಪ್ಪು ಮಾಡಿದ್ದರೆ ಅವರೇ ಬೈಯಲಿ."

ಮೊದಲ ಸಲ ಕರೆದಳು.

ಮೂರನೆಯ ಸಾಲಿನಲ್ಲಿ ನಾಲ್ಕು ಕುರ್ಚಿಗಳು ಒಂದಾದ ಮೇಲೊಂದು ಮೆಲ್ಲಗೆ ಇಳಿದವು. ಮೇಲೆ ಯಾರೂ ಇರಲಿಲ್ಲ.

"ಸ್ಪ್ರಿಂಗ್ ಹೋಗಿರ್ಬೇಕು," ಎಂದರು ಮೇಲಧಿಕಾರಿ. ಹೋಗಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ.

ಎರಡನೆಯ ಸಲ ಕರೆದಳು. ಈಗ ಒಂಬತ್ತು. ಕೂತವರು ಅಣ್ಣನ ಜೊತೆ ಲಾರಿ ಹತ್ತಿದವರೆಂದು ಅವಳಿಗೆ ಹೊಳೆದದ್ದು ಆಗಲೇ. ಅಣ್ಣನೂ ಸತ್ತಿದ್ದರೆ ಇಲ್ಲಿಗೆ ಬಂದೇ ಬರುತ್ತಾನೆ. ಮೂರನೆಯ ಸಲ ಕರೆಯದಿದ್ದರೆ ಅವನು ಎಲ್ಲೋ ಬದುಕಿದ್ದಾನೆಂದೇ ನಂಬಿಕೊಂಡು ಇರಬಹುದು. ಕರೆಯದಿದ್ದರೆ ನಾಳೆಯಿಂದ ಯಾರ ಮಗನನ್ನು ಎಲ್ಲಿಗೆ ಒಯ್ದರೂ ಕೇಳುವವರಿಲ್ಲ. ಅವಳಿಗೆ ಹತ್ತನೆಯವರು ಬೇಕಿತ್ತು. ದೇವರೇ, ಅದು ಬೇರೆ ಯಾರಾದರೂ ಆಗಿರಲಿ ಎಂದುಕೊಂಡಳು.

"ಬೆಂಬಲಿಸುವವರು ದಯವಿಟ್ಟು ಕುಳಿತುಕೊಳ್ಳಿ."

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಾಲಿನ ತುದಿಯಲ್ಲಿ ಲಟಕ್ ಎಂದಿತು. ಅದು ಕುರ್ಚಿಯ ಸದ್ದಲ್ಲ. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾದ ಅಣ್ಣನ ಮೊಣಕಾಲು, ಕೂರುವಾಗಲೆಲ್ಲ ಹಾಗೆ ಸದ್ದು ಮಾಡುತ್ತಿತ್ತು. ಕುರ್ಚಿ ಕೆಳಗಿಳಿಯಿತು.

ಅವಳು 'ಹತ್ತು' ಎಂದು ಬರೆದು ಸಹಿ ಹಾಕಿದಳು. ಮೇಲಧಿಕಾರಿ ಊಟ ಮರೆತು ಗೋಡೆಗೆ ಒರಗಿದ್ದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

"ಅಮ್ಮ, ನಿನ್ನ ಆಕ್ಷೇಪಣೆ ಗೆದ್ದಿತು. ತಿದ್ದುಪಡಿ ಬಿದ್ದುಹೋಯ್ತು."

ಆ ಕಡೆಯಿಂದ ನಿಟ್ಟುಸಿರು, ಪಾತ್ರೆಯ ಸದ್ದು.

"ಸದ್ಯ. ಹಾಗಾದ್ರೆ ಇವತ್ತು ಬಿಟ್ಟುಬಿಡ್ತಾರೆ. ರಾತ್ರಿಗೆ ಅವನಿಗೂ ಸೇರಿಸಿ ಅಡುಗೆ ಮಾಡ್ತೀನಿ, ನೀನೂ ಬೇಗ ಬಾ."