ಕಲ್ಲಪ್ಪನ ಬಾಗಿಲಿಗೆ ಗಾಡಿ

"ಗಾಡಿ ಕಟ್ತೀರೇನ್ರೀ?" ಎಂದು ದುರ್ಗಮ್ಮ ಬೇಲಿಯ ಆಚೆಯಿಂದಲೇ ಮತ್ತೊಮ್ಮೆ ಕೇಳಿದಳು. ಬಡಗಿ ಸಮಾಧಾನಪ್ಪ ತಲೆಯೆತ್ತಲಿಲ್ಲ. ಹಲಗೆಯ ಮೇಲೆ ಉಜ್ಜುಗೊರಡನ್ನು ಇನ್ನಷ್ಟು ಜೋರಾಗಿ ಎಳೆದ. ಹೆಸರೇನೋ ಸಮಾಧಾನ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಆ ಹೆಸರಿಟ್ಟ ಪಾದ್ರಿಗಳು ಬದುಕಿದ್ದರೆ ನಾಚಿಕೊಳ್ಳುತ್ತಿದ್ದರು.

ಹಿಂದಿನ ವರ್ಷ ಹಿತ್ತಲ ಬಾಳೆಗೆ ನುಗ್ಗಿದ ಮಂಗವೊಂದನ್ನು ಅವನು ಕೋವಿಯಿಂದ ಹೊಡೆದಿದ್ದ. ಹನುಮಪ್ಪನ ಹೆಸರೆತ್ತಿ ಊರು ರೇಗಿತು. "ಕೊಲ್ಲಬಾರ್ದು ಅಂತ ನಿಮ್ಮ ಪುಸ್ತಕದಾಗೇ ಐತಂತಲ್ಲೋ" ಎಂದು ದುರ್ಗಮ್ಮನ ಗಂಡ ಕಲ್ಲಪ್ಪ ಎಲ್ಲರೆದುರು ಕೇಳಿದ. ಸಮಾಧಾನಪ್ಪ ಬೈಬಲ್ಲನ್ನೇ ತಂದು ಬೆರಳಿಟ್ಟು ತೋರಿಸಿದ. "ನೋಡು, ನರಹತ್ಯ ಅಂತೈತೆ. ನರ ಅಂದ್ರೆ ಮನುಷ್ಯ, ಮಂಗ ಅಲ್ಲ." ಆ ಒಂದು ಪದದಿಂದ ಗೆದ್ದೆನೆಂದು ಬಹಳ ದಿನ ಬೀಗಿದ.

ಈ ಬೇಸಿಗೆಯಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ತಾವಾಗಿಯೇ ಸತ್ತು ಬೀಳತೊಡಗಿದವು. ಹಿಂದೆಯೇ ಜ್ವರ ಬಂತು. ಸೌದೆಗೆ ಹೋಗಿ ಬಂದವರು ಮಲಗಿದರು, ಕೆಲವರು ಏಳಲೇ ಇಲ್ಲ. ಇದೆಲ್ಲ ಆ ಕೋವಿಯ ಪಾಪವೆಂದು ಕಲ್ಲಪ್ಪ ಊರನ್ನು ನಂಬಿಸಿದ. ಸಮಾಧಾನಪ್ಪನ ಹೆಂಡತಿ ಮಾರ್ತಮ್ಮ ಊರ ಬಾವಿಗೆ ನೀರಿಗೆ ಬಂದಾಗ, ಇನ್ನು ಈ ಬಾವಿ ಮುಟ್ಟಬೇಡವೆಂದು ಅವಳ ಮಣ್ಣಿನ ಕೊಡವನ್ನು ಕಸಿದು ಒಡೆದ. ಅಂದು ಸಮಾಧಾನಪ್ಪ ಬಾವಿಕಟ್ಟೆಯಲ್ಲಿ ನಿಂತು ಕೂಗಿದ್ದ: "ನೀನು ಸತ್ತು ಬಿದ್ರೂ ನನ್ನ ಗಾಡಿ ನಿನ್ನ ಬಾಗ್ಲಿಗೆ ಬರಲ್ಲ ಕಣೋ!"

ಈಗ ಅದೇ ಕಲ್ಲಪ್ಪ ಜ್ವರದಲ್ಲಿ ಬೇಯುತ್ತ, ಮೂಗಿನಿಂದ ರಕ್ತ ಸುರಿಸುತ್ತ ಮಲಗಿದ್ದ. ಸೊರಬದ ಆಸ್ಪತ್ರೆ ದೂರ.

"ಊರೆಲ್ಲ ಅವನ ಕಡೀಗೇ ಇತ್ತಲ್ಲ, ಅವರ್ನೇ ಕೇಳಮ್ಮ" ಎಂದ ಸಮಾಧಾನಪ್ಪ.

"ಕೇಳ್ದೆ. ಜ್ವರದ ಮನೆ ಅಂತ ಬಾಗ್ಲು ಹಾಕ್ಕಂಡ್ರು."

"ನಾನೇನು ಅವನ್ನ ಹೊಡೆದಿಲ್ಲ, ಬಡಿದಿಲ್ಲ. ನನ್ನ ಪಾಡಿಗೆ ಕೂತೀನಿ."

ದುರ್ಗಮ್ಮ ಬೇಲಿಯ ಗೂಟವನ್ನು ಬಿಗಿಯಾಗಿ ಹಿಡಿದಳು. "ಅವತ್ತು ನೀವೇ ಓದಿದ್ರಲ್ರೀ. ಮಂಗನ್ನ ಕೊಂದ್ರೆ ತಪ್ಪಿಲ್ಲ, ಮನುಷ್ಯನ್ನ ಕೊಂದ್ರೆ ಮಾತ್ರ ಪಾಪ ಅಂತ. ನಮ್ಮನೆಯೋರು ಯಾವ ಲೆಕ್ಕ? ಹೇಳ್ಬಿಡ್ರಿ, ಕೇಳ್ಕಂಡು ಹೋಗ್ತೀನಿ."

ಉಜ್ಜುಗೊರಡು ನಿಂತಿತು. ತನ್ನ ಪದವನ್ನು ತನಗೇ ತಿರುಗಿಸಿದಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಮಾರ್ತಮ್ಮ ಹೊರಬಂದಳು. ಕೊಡದ ಚೂರು ತಗುಲಿದ ಅವಳ ಅಂಗೈಗೆ ಇನ್ನೂ ಬಟ್ಟೆ ಕಟ್ಟಿತ್ತು. ಇವಳಾದರೂ ತನ್ನ ಪರ ನಿಲ್ಲುತ್ತಾಳೆಂದು ಅವನು ಅವಳ ಮುಖ ನೋಡಿದ.

"ಬಾವಿ ಹತ್ರ ಆ ಮಾತು ಆಡ್ದಾಗ್ಲೇ ನೀವು ಅವನ್ನ ಕೊಂದಾಯ್ತು" ಎಂದಳು. "ಸಿಟ್ಟು ಇಟ್ಕಳೋದೂ ಕೊಲೇನೇ ಅಂತ ಯೇಸುಸ್ವಾಮಿ ಹೇಳಿದ್ದು. ಊರಿಗೆ ಆ ಹಾಳೆ ಯಾಕೆ ಓದ್ಲಿಲ್ಲ? ಏಳ್ರಿ."

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಹೊತ್ತು ಮೀರಿತೇನೋ ಎಂಬ ಭಯವಾಯಿತು. ಎತ್ತುಗಳನ್ನು ಕೊಟ್ಟಿಗೆಯಿಂದ ಬಿಚ್ಚಿ ತಂದು ಗಾಡಿಗೆ ಕಟ್ಟಿದ.

ಹಾಸಿಗೆಯಿಂದ ತನ್ನನ್ನು ಎತ್ತಿಕೊಂಡವನು ಯಾರೆಂದು ಗೊತ್ತಾದಾಗ ಕಲ್ಲಪ್ಪ ತಳ್ಳಲು ನೋಡಿದ. ತಳ್ಳುವ ಬಲವಿರಲಿಲ್ಲ. "ಸುಮ್ನಿರೋ ಮಾರಾಯ" ಎಂದು ಗದರಿ ಸಮಾಧಾನಪ್ಪ ಅವನನ್ನು ಗಾಡಿಯ ಹುಲ್ಲಿನ ಮೇಲೆ ಮಲಗಿಸಿದ. ಹೆಂಗಸರು ಹಿಂದೆ ನಡೆದರು.

ಬಾವಿಯ ಹತ್ತಿರ ಕಲ್ಲಪ್ಪ ನೀರು ಕೇಳಿದ. ಗಾಡಿ ನಿಂತಿತು. ದುರ್ಗಮ್ಮ ಬಾವಿಯ ಹಗ್ಗ ಹಿಡಿದವಳು ಒಂದು ಕ್ಷಣ ತಡೆದು, ಅದನ್ನು ಮಾರ್ತಮ್ಮನ ಕಡೆ ಚಾಚಿದಳು. ಮಾರ್ತಮ್ಮ ಬಟ್ಟೆ ಕಟ್ಟಿದ ಕೈಯಿಂದಲೇ ನೀರು ಸೇದಿದಳು. ಕಲ್ಲಪ್ಪ ಕಣ್ಣು ಮುಚ್ಚಿಕೊಂಡು ಆ ನೀರು ಕುಡಿದ.