ಡಬ್ಬಿ ತೊಳೆಯುವವರು ಯಾರು?

"ಇದನ್ನ ತೊಳೆಯೋರು ಯಾರು?" ಎಂದು ಡಾಕ್ಟರು ಕೇಳಿದ್ದು ಗಂಡನನ್ನು. ಗಂಡ ತಿರುಗಿ ಹೆಂಡತಿಯ ಮುಖ ನೋಡಿದ. ಪಕ್ಕದಲ್ಲಿ ಕೂತಿದ್ದ ಅವನ ಅಕ್ಕನೂ ಅವಳತ್ತಲೇ ನೋಡಿದಳು.

ಮೇಜಿನ ಮೇಲಿದ್ದದ್ದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ನಿದ್ದೆಯಲ್ಲಿ ಉಸಿರು ಕಟ್ಟುವವರು ಮೂಗಿಗೆ ಹಾಕಿಕೊಂಡು ಮಲಗುವ ಮಷೀನಿನ ನೀರಿನ ಡಬ್ಬಿ ಅದು. ಮಷೀನು ಊದುವ ಗಾಳಿ ಈ ನೀರಿನ ಮೇಲೆ ಹಾದು, ತೇವವಾಗಿ ಮೂಗಿಗೆ ಹೋಗುತ್ತದೆ. ಡಬ್ಬಿಯ ತಳದಲ್ಲಿ ಸುಣ್ಣದಂಥ ಬಿಳಿ ಚಕ್ಕೆ, ಮೂಲೆಗಳಲ್ಲಿ ಗುಲಾಬಿ ಬಣ್ಣದ ಲೋಳೆ. ಡಾಕ್ಟರು ಅದನ್ನು ಪೆನ್ನಿನ ತುದಿಯಿಂದ ಅತ್ತ ಸರಿಸಿದರು.

"ಎರಡು ತಿಂಗಳಿಂದ ಕೆಮ್ಮು, ಮೂಗು ಕಟ್ಟೋದು, ತಲೆನೋವು. ಇದೇ ಕಾರಣ ಅಂತ ಆಣೆ ಮಾಡಲ್ಲ. ಆದರೆ ದಿನಾ ಇದರ ಗಾಳಿ ಕುಡಿದರೆ ಇನ್ನೇನಾಗತ್ತೆ?"

"ಏನ್ಮಾಡೋದು ಡಾಕ್ಟ್ರೇ," ಎಂದಳು ಗಂಡನ ಅಕ್ಕ. "ಇವಳೂ ಕೆಲಸಕ್ಕೆ ಹೋಗ್ತಾಳೆ. ಮನೆ ಕಡೆ ಗಮನ ಕಮ್ಮಿ."

ಗಂಡ ಏನಾದರೂ ಹೇಳುತ್ತಾನೆ ಎಂದು ಹೆಂಡತಿ ಕಾದಳು. ಅವನು ಕೆಮ್ಮಿದ. ಕರೆದಾಗ ಬರುವ ನೆಂಟನ ಹಾಗೆ ಆ ಕೆಮ್ಮು ಸರಿಯಾದ ಹೊತ್ತಿಗೆ ಬಂತು.

ಡಾಕ್ಟರು ಅವಳ ಕಡೆ ತಿರುಗಿ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು. ಉಳಿದ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಬೇಕು, ಅದರ ಮೇಲೇ ಹೊಸ ನೀರು ಸುರಿಯಬಾರದು. ಬಿಸಿನೀರು, ಮೆದು ಸೋಪಿನಿಂದ ತೊಳೆದು ಗಾಳಿಗೆ ಒಣಗಿಸಬೇಕು. ವಾರಕ್ಕೊಮ್ಮೆ ನೀರು ಬೆರೆಸಿದ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಬೇಕು. ತುಂಬುವುದು ಡಿಸ್ಟಿಲ್ಡ್ ವಾಟರ್ ಮಾತ್ರ. "ನಲ್ಲಿ ನೀರು ಕುದಿಸಿ ಹಾಕ್ತೀನಿ ಅನ್ನಬೇಡಿ. ಕುದಿಸಿದರೆ ಸುಣ್ಣ ಪೂರ್ತಿ ಹೋಗಲ್ಲ."

ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಹಬೆಯ ಇಸ್ತ್ರಿ ಹಿಡಿದವಳು. ಇಸ್ತ್ರಿಯ ಟ್ಯಾಂಕಿಗೆ ನಲ್ಲಿ ನೀರು ಹಾಕಿದ ದಿನ ಕರಿ ಕೋಟಿನ ಮೇಲೆ ಬಿಳಿ ಪುಡಿ ಉದುರಿ, ಬೈಸಿಕೊಂಡವಳು. ನೀರಿನಲ್ಲಿ ಕಾಣದೆ ಕೂತಿರುವುದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರ್. ಹೋದ ವರ್ಷ ಸಿಗ್ನಲ್‌ನಲ್ಲಿ ನಿಂತ ಬಸ್ಸಿನಲ್ಲೇ ತೂಕಡಿಸಿ, ಬ್ರೇಕಿನಿಂದ ಕಾಲು ಜಾರಿ, ಮುಂದಿನ ಕಾರಿಗೆ ತಾಗಿಸಿದ್ದ. ಯಾರಿಗೂ ಏಟಾಗಲಿಲ್ಲ. ಪರೀಕ್ಷೆಯಾಗಿ ಮಷೀನು ಬಂತು. ಅದನ್ನು ಹಾಕಿಕೊಂಡು ಮಲಗಿದರೆ ಮಾತ್ರ ಸ್ಟೇರಿಂಗು ಎಂದಿತು ಡಿಪೊ. ಆರು ತಿಂಗಳು ಅವಳೇ ಡಬ್ಬಿ ತೊಳೆದಳು, ಒಣಗಿಸಿದಳು, ನೀರು ತಂದಳು. ಒಂದು ಭಾನುವಾರ ಅವನು ಮಾಸ್ಕು ಕಿತ್ತು ಬಿಸಾಡಿ ಕೂಗಿದ: "ಏನಿದು ಹುಳಿ ವಾಸನೆ! ನನ್ನ ಮಷೀನು ಮುಟ್ಟಬೇಡ. ನನಗೇನು ಕೈಯಿಲ್ವಾ?"

ಅವಳು ಮುಟ್ಟಲಿಲ್ಲ. ಜಾಲಿಸಿದ್ದು ಸಾಲಲಿಲ್ಲವೇನೋ ಎಂದು ತನ್ನನ್ನೇ ಬೈದುಕೊಂಡದ್ದೂ ಉಂಟು. ಆಮೇಲೊಮ್ಮೆ ನೀರಿನ ಮಾತೆತ್ತಿದಾಗ ಅವನು, "ಡಿಪೊದಿಂದ ಬ್ಯಾಟರಿ ನೀರು ತರ್ತೀನಿ, ಅದೂ ಡಿಸ್ಟಿಲ್ಡೇ, ನಿನ್ನ ಪಾಠ ಬೇಡ" ಎಂದಿದ್ದ.

ಈಗ ಡಾಕ್ಟರ ಮುಂದೆ ಅವಳು ಕೇಳಿದಳು. "ಹೇಳ್ರಿ. ಎರಡು ತಿಂಗಳಿಂದ ಇದನ್ನ ಯಾರು ನೋಡ್ಕೊತಿದ್ರು, ಹೇಳಿ."

ಅವನು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರ ನೋಡಿದ.

"ಇಲ್ಲಿ ಬೇಡಮ್ಮ," ಎಂದಳು ಅವನ ಅಕ್ಕ.

ಹೆಂಡತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೊರಟೇಬಿಟ್ಟಳು. ಮನೆಗೆ ಹೋಗಲಿಲ್ಲ. ನೇರವಾಗಿ ಡಿಪೊಗೆ ಹೋದಳು.

ಅಲ್ಲಿನ ಮೆಕ್ಯಾನಿಕ್ ಗಂಡನ ಹಳೆಯ ಸ್ನೇಹಿತ. ಬ್ಯಾಟರಿ ನೀರು ಎಲ್ಲಿದೆ ತೋರಿಸಿ ಎಂದಾಗ ಅವನು ಶೆಡ್ಡಿನ ಮೂಲೆಗೆ ಕರೆದೊಯ್ದ. ಬಾಯಿ ಕತ್ತರಿಸಿದ ಹಳೆಯ ಕ್ಯಾನು. ಒಳಗೆ ಜಿಡ್ಡು ಹಿಡಿದ ಮಗ್ಗು ತೇಲುತ್ತಿತ್ತು.

"ಇದು ಡಿಸ್ಟಿಲ್ಡಾ?"

"ಒಂದು ಕಾಲಕ್ಕೆ ಇತ್ತು," ಎಂದು ಅವನು ನಕ್ಕ. "ಈಗ ನಲ್ಲಿದೇ. ರೇಡಿಯೇಟರಿಗೆ ಸುರಿಯೋಕೆ. ಯಾಕಮ್ಮ?" ಉತ್ತರ ಬರುವ ಮೊದಲೇ ದನಿ ತಗ್ಗಿಸಿ ಕೇಳಿದ: "ಬೆನ್ನುನೋವು ಈಗ ಹೇಗಿದೆ?"

"ಯಾರ ಬೆನ್ನು?"

"ನಿಮ್ಮದೇ. ಬಗ್ಗೋಕಾಗಲ್ವಂತಲ್ಲ. ಅದಕ್ಕೇ ಡಬ್ಬಿ ತೊಳೆಯೋದೂ ನಿಲ್ಸಿದಾಳೆ, ಪಾಪ, ಏನು ಹೇಳೋದು ಅಂತಿದ್ರು ನಿಮ್ಮೆಜಮಾನ್ರು."

ದಿನಕ್ಕೆ ಎಂಟು ಗಂಟೆ ನಿಂತು ನೂರಿಪ್ಪತ್ತು ಅಂಗಿ ಇಸ್ತ್ರಿ ಮಾಡುವ ಬೆನ್ನು ಅದು. ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಲೋಳೆಯನ್ನಾದರೂ ತಿಕ್ಕಿದರೆ ಹೋಗುತ್ತದೆ. ತಾನು ಹೇಸಿದ ಕೆಲಸಕ್ಕೆ ಅವಳ ಮೈಗೊಂದು ರೋಗ ಅಂಟಿಸಿ, ಊರೆಲ್ಲ ಹಂಚಿದ್ದನಲ್ಲ!

ಮನೆಗೆ ಬಂದಾಗ ಅಕ್ಕ ತಮ್ಮ ಇಬ್ಬರೂ ಸೋಫಾದಲ್ಲಿ ಕೂತಿದ್ದರು. ಅವಳು ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು.

"ನನ್ನ ಬೆನ್ನು ಹೇಗಿದೆ ಅಂತ ಕೇಳಿ."

ಅವನ ಮುಖ ಬಿಳಿಚಿಕೊಂಡಿತು. "ಅವನು ಹೇಳಿದ್ನಾ? ಸುಮ್ನೆ ಮಾತಿಗೆ..."

"ಮಾತಿಗೆ? ನಿಮ್ಮ ಮಾತಿಗೆ ನನ್ನ ಮೂಳೆ ಯಾಕೆ ಬೇಕಿತ್ತು? ಮುಟ್ಟಬೇಡ ಅಂದ್ರಿ, ಮುಟ್ಟಲಿಲ್ಲ. ನೀವೂ ಮುಟ್ಟಲಿಲ್ಲ. ಅದನ್ನ ಒಂದು ಸಲ, ಒಂದೇ ಸಲ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ನನಗೆ ಸರಿಯಾಗಿ ಬರ್ತಿರಲಿಲ್ಲ ಕಣೆ," ಎಂದ ಅವನು ಕೊನೆಗೆ. "ಕೇಳೋಕೆ ನಾಚಿಕೆಯಾಯ್ತು."

"ನಾಚಿಕೆ ಡಾಕ್ಟರ ಹತ್ರ ಎಲ್ಲಿ ಹೋಗಿತ್ತು?"

ಅಕ್ಕ ತಮ್ಮನನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಮುಟ್ಟಬೇಡ ಅಂದಿದ್ದು ನೀನೇನಾ? ನನಗೆ ಫೋನಲ್ಲಿ ಇವಳೇ ತೊಳೆಯಲ್ಲ ಅಂದಿದ್ದೆಯಲ್ಲೋ?" ಅಕ್ಕ ಸೆರಗು ಸಿಕ್ಕಿಸಿ ಎದ್ದಳು. "ಸರಿ, ಕೊಡಿಲ್ಲಿ, ನಾನೇ ತೊಳೀತೀನಿ."

"ಬೇಡ ಅತ್ತಿಗೆ. ನೀವು ತೊಳೆದರೆ ನಾನು ಅದನ್ನ ಕಸದ ಬುಟ್ಟಿಗೆ ಹಾಕ್ತೀನಿ."

ಅತ್ತಿಗೆ ಕೂತಳು. ಗಂಡ ಎದ್ದು ಸಿಂಕಿನ ಹತ್ತಿರ ಹೋದ. ಎಷ್ಟು ಸೋಪು ಎಂದು ಕೇಳಲು ತಿರುಗಿ, ಅವಳ ಮುಖ ನೋಡಿ, ಕೇಳದೆ ಮತ್ತೆ ತಿರುಗಿಕೊಂಡ. ಅಂಗಿಯ ತೋಳೆಲ್ಲ ಒದ್ದೆಯಾಯಿತು. ಲೋಳೆ ಹೋಯಿತು, ಚಕ್ಕೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮರುದಿನ ಅವನೇ ಹೋಗಿ ಹೊಸ ಡಬ್ಬಿ, ಹೊಸ ಫಿಲ್ಟರು, ಮುಚ್ಚಳಕ್ಕೆ ಸೀಲಿರುವ ಡಿಸ್ಟಿಲ್ಡ್ ನೀರು ತಂದ.

ಅಷ್ಟಕ್ಕೆ ಅವಳು ಬಿಡಲಿಲ್ಲ. ಡಿಪೊದಲ್ಲಿ ಸ್ನೇಹಿತನಿಗೆ ನಿಜ ಹೇಳಬೇಕು, ಡಾಕ್ಟರಿಗೂ ಹೇಳಬೇಕು, ಅಲ್ಲಿಯವರೆಗೆ ತನ್ನೊಡನೆ ಮಾತು ಬೇಡ ಎಂದಳು. ಮೆಕ್ಯಾನಿಕ್‌ಗೆ ಅವನು ಮೂರನೇ ದಿನ ಹೇಳಿದ. ಸ್ನೇಹಿತ ನಕ್ಕನೆಂದೂ, ತಾನು ನಗಲಿಲ್ಲವೆಂದೂ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದ.

ಮೂರು ವಾರದಲ್ಲಿ ಕೆಮ್ಮು ಇಳಿಯಿತು. ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವನು ಕುರ್ಚಿಯಲ್ಲಿ ಪೂರ್ತಿ ಕೂರುವ ಮೊದಲೇ, "ಡಬ್ಬಿ ತೊಳೆಯದೆ ಬಿಟ್ಟಿದ್ದು ನಾನು ಡಾಕ್ಟ್ರೇ, ಇವಳದ್ದೇನೂ ತಪ್ಪಿಲ್ಲ" ಎಂದ.

"ಹೌದಾ? ಈಗ ತೊಳೀತಿದ್ದೀರಲ್ಲ, ಸರಿ," ಎಂದು ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟರು.

ಅಷ್ಟೇ. ಅವಳು ಕೂತಲ್ಲೇ ಮತ್ತೊಮ್ಮೆ ಕುದಿದಳು. ಉಗುರು ಕತ್ತರಿಸಿದಷ್ಟೂ ನೋಯದ ಈ ಒಂದು ಮಾತನ್ನು ಆಡದೆ ತಪ್ಪಿಸಿಕೊಳ್ಳಲು ಇವನು ತನ್ನನ್ನು ಎಲ್ಲರ ಮುಂದೆ ಸೋಮಾರಿ ಮಾಡಿದ್ದನೆ?

ಹೊರಗೆ ಬಂದಾಗ ಅತ್ತಿಗೆಯ ಫೋನು. "ನಾನು ಅವತ್ತು ಹಾಗೆ ಅನ್ನಬಾರದಿತ್ತು ಕಣಮ್ಮ. ಕೇಳದೆ ಅಂದುಬಿಟ್ಟೆ. ಕೋಪ ಹೋಯ್ತಾ?"

"ಇಲ್ಲ ಅತ್ತಿಗೆ, ಇನ್ನೂ ಇದೆ," ಎಂದಳು ಅವಳು. "ಆದರೂ ಊಟಕ್ಕೆ ಬನ್ನಿ."